ಬಾಗ್ಲು ಒಳೀಕಾ, ಆಚೀಕಾ?

ಮೊದಲೇ ಹೇಳಿಬಿಡ್ತೀನಿ, ಮರಿಯಯ್ಯ ಕುಡಿಯೋ ಆಳಲ್ಲ. ಹಬ್ಬಕ್ಕೂ ಕುಡಿಯಲ್ಲ. ನಮ್ಮ ಸೋದರಮಾವನ ಮಗ, ಐವತ್ತರ ಹತ್ತಿರದ ಮನುಷ್ಯ. ಬೆಸಗರಹಳ್ಳಿಯಿಂದ ಮದ್ದೂರಿನ ಕಡೆ ಬರೋವಾಗ ಒಂದು ಊರು ಸಿಗುತ್ತೆ. ಹೆಸರು ಬೇಡ, ನಮ್ಮ ನೆಂಟರು ಇನ್ನೂ ಅಲ್ಲೇ ಬಾಳಬೇಕು. ಆ ಊರಲ್ಲಿ ಅವನದೊಂದು ವೆಲ್ಡಿಂಗ್ ಶಾಪು.

ಅವನು ಯಾವಾಗಲೂ ಒಂದು ಮಾತು ಹೇಳೋನು. "ನಂಗೆ ಕೆಲ್ಸ ಬರಾದೇ ಯಾರಾದ್ರೂ ಬಿದ್ ಮ್ಯಾಕೆ ಕಣಪ್ಪಾ." ಸುಳ್ಳಲ್ಲ. ಊರ ಬಾವಿಗೆ ಹಸು ಬಿತ್ತು, ಆಮೇಲೆ ಜಾಲರಿ ಹಾಕಿಸಿದರು. ನಾಲೆ ಸೇತುವೆ ಮೇಲಿಂದ ಆಟೋ ಉರುಳಿತು, ಆಮೇಲೆ ಕಂಬಿ ಬಂತು. ಸ್ಕೂಲಿನ ಮಹಡಿಯಿಂದ ಒಂದು ಹುಡುಗಿ ಬಿದ್ದು ಸೊಂಟ ಮುರ್ಕೊಂಡಳು, ಆಮೇಲೆ ಗ್ರಿಲ್ಲು. ಎಲ್ಲಾನೂ ಬೆಸೆದದ್ದು ಇವನೇ. ಮೊದಮೊದಲು ಬೆಸೆಯೋವಾಗ ಅನ್ನಿಸೋದಂತೆ, ಇದನ್ನ ಮುಂಚೇನೇ ಹಾಕ್ಸಿದ್ರೆ ಏನಾಗ್ತಿತ್ತು ಅಂತ. ಈಚೀಚೆಗೆ ಅದೂ ಅನ್ನಿಸ್ತಿರಲಿಲ್ಲ. ಬರೀ ಸುಸ್ತು. ರಾಡು ಹಿಡಿ, ಬೆಸಿ, ಮನೆಗೆ ಹೋಗು.

ಆವತ್ತು ರಾತ್ರಿ ಮನೆಗೆ ಹೊರಟಾಗ ಊರು ಮಲಗಿಬಿಟ್ಟಿತ್ತು. ಗಾಡಿ ಕೆಟ್ಟಿತ್ತು, ನಡ್ಕೊಂಡೇ ಹೋಗಬೇಕು. ಹೆಗಲ ಮೇಲೆ ಚೀಲ. ಕಣ್ಣಲ್ಲಿ ಮರಳು ಹಾಕಿದಂಗೆ ಉರಿ, ದಿನವೆಲ್ಲ ವೆಲ್ಡಿಂಗ್ ಬೆಳಕು ನೋಡಿದ್ದಕ್ಕೆ.

ಮುಗಿಸಿ ಬಂದಿದ್ದ ಕೆಲಸ ಏನಂದ್ರೆ, ಹೊನ್ನಯ್ಯನ ಛತ್ರದ ಹೆಬ್ಬಾಗಿಲು. ಹೊನ್ನಯ್ಯ ಆ ಊರಿನ ದೊಡ್ಡ ಕುಳ. ಹೊಸ ಛತ್ರ ಕಟ್ಟಿಸಿದ್ದ. ಅದರಲ್ಲಿ ಮೊದಲನೇ ಮದುವೆ ಅವನ ಮಗಳು ನಯನಳದೇ. ಇನ್ನೆರಡು ದಿನಕ್ಕೆ ಆರತಕ್ಷತೆ. ಎರಡು ಕದದ ಕಬ್ಬಿಣದ ಬಾಗಿಲು, ಒಂದೊಂದು ಕದ ಎತ್ತೋಕೆ ನಾಲ್ಕಾಳು ಬೇಕು. ಹಿತ್ತಲ ಕಡೆ ಇನ್ನೊಂದು ಬಾಗಿಲಿತ್ತು, ಅದಕ್ಕೆ ಅಡ್ಡವಾಗಿ ಗ್ಯಾಸ್ ಸಿಲಿಂಡರು, ಕೊಳಗ, ಪಾತ್ರೆ ಪೇರಿಸಿಬಿಟ್ಟಿದ್ದರು. ಹೆಬ್ಬಾಗಿಲು ಒಳಕ್ಕೆ ತೆರೆಯಬೇಕು ಅಂತ ಹೊನ್ನಯ್ಯ ಹೇಳಿದ್ದ, ಇವನು ಹಾಗೇ ಕೂರಿಸಿದ್ದ. ಅಷ್ಟೇ.

ದಾರೀಲಿ ಆಲದ ಮರ. ಮರದ ಕೆಳಗೆ ಬಾವಿ. ಇವನೇ ಜಾಲರಿ ಹಾಕಿದ್ದ ಬಾವಿ.

ಗಾಳಿ ಇರಲಿಲ್ಲ. ಒಂದು ಎಲೇನೂ ಅಲ್ಲಾಡ್ತಿರಲಿಲ್ಲ. ಆದರೂ ಜಾಲರಿ ಸದ್ದು ಮಾಡ್ತು...

ಟಿಣ್... ಟಿಣ್...

ಉಗುರಲ್ಲಿ ಕಬ್ಬಿಣ ಮೀಟಿದಂಗೆ.

ನೋಡಿದ. ಬಾವಿ ಕಟ್ಟೆ ಮೇಲೆ ಯಾರೋ ಕೂತಿದ್ದಾರೆ. ಖಾಕಿ ಅಂಗಿ. ಮಂಡಿ ಮೇಲೆತ್ತಿ ಕಟ್ಟಿದ ಪಂಚೆ. ಕೈಯಲ್ಲೊಂದು ಉದ್ದನೆ ಬ್ಯಾಟ್ರಿ ಟಾರ್ಚು, ಹಿತ್ತಾಳೇದು. ಹತ್ತಿರಲಿಲ್ಲ, ಸುಮ್ಮನೆ ಹಿಡ್ಕೊಂಡಿದ್ದ. ಮುಖ ನೆರಳಲ್ಲಿ.

"ಯಾರಣ್ಣಾ ಅದು?" ಅಂದ ಮರಿಯಯ್ಯ.

"ಬಾಗ್ಲು ಕೂರುಸ್ದಾ ಮಗ?"

ಪಿಸುಮಾತು. ಗಂಟಲು ಒಣಗಿದವನ ಮಾತು.

"ಊಂ. ಕೂರುಸ್ದೆ."

"ಯಾವ್ ಕಡೀಕ್ ತೆಗೀತದೆ?"

"ಒಳೀಕೆ."

  ಮರಿಯಯ್ಯ ಚೀಲಾನ ಇನ್ನೊಂದು ಹೆಗಲಿಗೆ ಹಾಕ್ಕೊಂಡ.

"ಒಳೀಕಾ..." ಅಂತು ಆ ದನಿ. "ಜನ ತುಂಬ್ಕಂಡ್ ಮ್ಯಾಕೆ ಎಳೀಬೇಕಲ್ಲಪ್ಪಾ... ಎಳಿಯಾಕೆ ಜಾಗ ಎಲ್ಲೈತೆ?"

ಆಗ ಶುರುವಾಯ್ತು ನೋಡಿ, ಹಿಂದುಗಡೆ. ಛತ್ರದ ದಿಕ್ಕಿಂದ.

ತಪ್... ತಪ್... ತಪತಪತಪ...

ಅಂಗೈ ಸದ್ದು. ತಗಡಿನ ಮೇಲೆ ಅಂಗೈ ಬಡಿಯೋ ಸದ್ದು. ಒಂದಲ್ಲ, ಎರಡಲ್ಲ. ದೊಡ್ಡ ಕೈ, ಸಣ್ಣ ಕೈ. ಮೂವತ್ತು ವರ್ಷ ತಗಡಿನ ಜೊತೆ ಬದುಕಿದವನಿಗೆ ತಗಡಿನ ಸದ್ದು ಗೊತ್ತಿಲ್ಲದ್ದಾ? ಆದರೆ ಛತ್ರದಲ್ಲಿ ತಗಡೇ ಇಲ್ಲ. ಇಟ್ಟಿಗೆ, ಸಿಮೆಂಟು, ಅವನ ಬಾಗಿಲಿನ ದಪ್ಪ ಪ್ಲೇಟು. ಅದು ಹಾಗೆ ಸದ್ದು ಮಾಡಲ್ಲ.

ತಿರುಗಿ ನೋಡಿದ. ಸದ್ದು ಒಂದೇ ಸಲಕ್ಕೆ ನಿಂತುಹೋಯ್ತು, ಕತ್ತರಿಸಿದಂಗೆ.

ಮತ್ತೆ ಈ ಕಡೆ ತಿರುಗಿದ. ಕಟ್ಟೆ ಮೇಲೆ ಯಾರೂ ಇಲ್ಲ.

ಓಡಲಿಲ್ಲವಂತೆ. "ಓಡಾಕೂ ಕಸು ಬೇಕಲ್ಲಪ್ಪಾ" ಅಂತ ನನಗೇ ಹೇಳಿದ. ಕಾಲೆಳ್ಕೊಂಡು ಮನೆಗೆ ಬಂದ.

ಮನೇಲಿ ಅವನ ಅವ್ವ ದೇವಿರಮ್ಮ ಎದ್ದೇ ಇದ್ದಳು. ಎಪ್ಪತ್ತರ ಹತ್ತಿರದ ಮುದುಕಿ, ನಿದ್ದೆ ಕಮ್ಮಿ. ಮಗನ ಮುಖ ನೋಡಿದಳು. ನೀರು ಕೊಟ್ಟಳು.

"ಏನಾಯ್ತ್ಲಾ?"

ಹೇಳಿದ. ಬಾವಿ, ಖಾಕಿ ಅಂಗಿ, ಕೇಳಿದ ಮಾತು. ದೇವಿರಮ್ಮ ಎಲೆ ಅಡಿಕೆ ಜಗೀತಾ ಇದ್ದವಳು ನಿಲ್ಲಿಸಿದಳು.

"ಕೈಲಿ ಬ್ಯಾಟ್ರಿ ಇತ್ತಾ?"

"ಇತ್ತು."

"ಹತ್ತಿತ್ತಾ?"

"ಇಲ್ಲ."

ಮುದುಕಿ ಬಾಗಿಲ ಹತ್ತಿರ ಹೋಗಿ, ಎಲೆ ಉಗಿದು, ಬಂದು ಕೂತಳು. ಬಹಳ ಮೆಲ್ಲಗೆ ಹೇಳಿದಳು. "ಕೆಂಪಸಿದ್ದಯ್ಯ ಕಣ್ಲಾ ಅವ್ನು. ಟಾಕೀಸ್ ಗೇಟ್ ಕೀಪರ್ರು."

ಹೊನ್ನಯ್ಯನ ಛತ್ರ ಈಗ ಇರೋ ಜಾಗದಲ್ಲಿ ಒಂದು ಕಾಲಕ್ಕೆ ಟಾಕೀಸು ಇತ್ತು. ಇದು ಮರಿಯಯ್ಯನಿಗೂ ಗೊತ್ತಿತ್ತು. ಸುಟ್ಟುಹೋಯ್ತು ಅನ್ನೋದೂ ಗೊತ್ತಿತ್ತು. ಆದರೆ ಅವನವ್ವ ಆ ವಿಷಯ ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಮದುವೆಗೆ ಹೋದರೂ ಮಂಟಪದ ಒಳಗೆ ಕೂರ್ತಿರಲಿಲ್ಲ. ಹೊರಗೆ ಗೇಟಿನ ಹತ್ತಿರ ಕೂತು, ಅಲ್ಲಿಗೇ ಎಲೆ ತರಿಸ್ಕೊಂಡು ಉಣ್ಣೋಳು. ಸೆಕೆ ಆಯ್ತದೆ ಅನ್ನೋಳು. ಅಷ್ಟೇ.

ಆವತ್ತು ಹೇಳಿದಳು.

"ಸುತ್ತ ತಗಡು. ಮ್ಯಾಲೆ ತೆಂಗಿನ ಗರಿ. ನಾನು ಆಗ ಇನ್ನೂ ಲಂಗದ ಹುಡ್ಗಿ. ನಮ್ ಚಿಕ್ಕವ್ವನ ಜೊತೆ ಓಗಿದ್ದೆ. ಸಿನ್ಮಾ ಮಿಸೀನು ಇಡೋ ರೂಮ್ನಾಗೆ ಕಿಡಿ ಹತ್ತುಕೊಂತು. ಗರಿ ಅಲ್ವಾ... ಒಂದ್ ಗಳಿಗೆ ಸಾಕಾಯ್ತು. ಎಲ್ರೂ ಬಾಗ್ಲಿಗ್ ಓಡುದ್ರು. ಟಿಕೀಟಿಲ್ದೆ ಹುಡುಗ್ರು ನುಗ್ತಾರೆ ಅಂತ ಕೆಂಪಸಿದ್ದಯ್ಯ ಆಚೆಯಿಂದ ಅಗಣಿ ಹಾಕ್ತಿದ್ದ. ಅಗಣಿ ತೆಗ್ದ ಕಣ್ಲಾ, ತಕ್ಸಣ ತೆಗ್ದ. ನಾನ್ ಆ ಸದ್ ಕೇಳಿವ್ನಿ. ಆದ್ರೆ ಬಾಗ್ಲು ತೆಗೆಯಾದು ಒಳೀಕೆ. ಒಳ್ಗಿಂದ ಜನ ತಳ್ತಾವ್ರೆ, ಅವ್ನು ಆಚೆಯಿಂದ ತಳ್ತಾವ್ನೆ. ಎರಡ್ ಕಡೆಯಿಂದ್ಲೂ ತಳ್ಳುದ್ರೆ ಬಾಗ್ಲು ಎಲ್ ತೆಗೀತದೆ?"

"ನೀನು?"

"ತಗಡಿನ ಕೆಳ್ಗೆ ನಾಯಿ ಕೆರೆದಿದ್ದ ಒಂದ್ ಸಂದಿ ಇತ್ತು. ಚಿಕ್ಕವ್ವ ನನ್ನ ಅದ್ರಾಗ್ ತಳ್ಳುದ್ಲು. ಅವಳ್ ಮೈ ಅದ್ರಾಗ್ ತೂರ್ಲಿಲ್ಲ." ಸೆರಗಿನ ತುದಿ ಬೆರಳಿಗೆ ಸುತ್ಕೊಂಡಳು. "ಕೆಂಪಸಿದ್ದಯ್ಯ ಬಾಗ್ಲ್ ಬುಟ್ಟು ಓಡ್ಲಿಲ್ಲ. ತಗಡು ಕೆಂಪಗಾಗಿತ್ತು, ಆದ್ರೂ ಕೈ ತೆಗೀಲಿಲ್ಲ. ಹಂಗೇ ಸುಟ್ಟೋದ."

ಅದಾದ ಮೇಲೆ ಅಧಿಕಾರಿಗಳು ಬಂದರಂತೆ. ಜೀಪಿನ ಮೇಲೆ ಜೀಪು. ಸುತ್ತಮುತ್ತ ಇದ್ದ ಟಾಕೀಸಿಗೆಲ್ಲ ಹೋಗಿ ನಿಂತು ಮಾಡಿಸಿದರಂತೆ. ಬಾಗಿಲು ಹೊರಕ್ಕೆ ತೆರೆಯಬೇಕು. ಎರಡು ಕಡೆ ಬಾಗಿಲಿರಬೇಕು. ಬಾಗಿಲ ಮೇಲೆ ಕೆಂಪು ದೀಪ. ಗೋಡೇಲಿ ಮರಳು ತುಂಬಿದ ಬಕೀಟು. ಗರಿ ಕಿತ್ತು ಶೀಟು ಹಾಕಬೇಕು.

"ಅಷ್ಟ್ ಜನ ಸತ್ತು ಒಂದ್ ಬಾಗ್ಲು ಆಚೀಕೆ ತಿರುಗ್ತು ಕಣ್ಲಾ" ಅಂದಳು ದೇವಿರಮ್ಮ. "ಆಮ್ಯಾಕೆ ಟಾಕೀಸ್ಗಳೇ ಮುಚ್ಚೋದ್ವು. ಮರಳಿನ ಬಕೀಟ್ನ ಯಾರೋ ದನಕ್ಕೆ ನೀರ್ ಕುಡ್ಸಾಕೆ ತಕ್ಕಂಡೋದ್ರು. ಈಗ ಅದೇ ಜಾಗ್ದಾಗೆ ನೀನು ಮತ್ ಒಳೀಕ್ ತಿರುಗ್ಸಿ ಬಂದಿದೀಯೆ."

ಬೈದದ್ದಲ್ಲ ಅದು. ಬೈಯೋಕೂ ಬೇಜಾರಾದವಳ ಮಾತು.

ಬೆಳಿಗ್ಗೆ ಮರಿಯಯ್ಯ ಹೊನ್ನಯ್ಯನ ಹತ್ತಿರ ಹೋದ. ಛತ್ರದ ಮುಂದೆ ಚಪ್ಪರದ ಕೆಲಸ ನಡೀತಿತ್ತು. ಹೊನ್ನಯ್ಯನೂ ನಿದ್ದೆಗೆಟ್ಟಿದ್ದ, ಕಣ್ಣು ಕೆಂಪಗಿತ್ತು. ಮಗಳ ಮದುವೆ ಅಂದ್ರೆ ಸುಮ್ಮನೇನಾ?

"ಹೊನ್ನಣ್ಣ, ಬಾಗ್ಲ್ನ ಆಚೀಕೆ ತಿರುಗ್ಸಿಬುಡ್ತೀನಿ. ಒಂದ್ ರಾತ್ರಿ ಕೆಲ್ಸ."

"ಯಾಕ್ಲಾ? ಸಂದಾಗೇ ಐತಲ್ಲ."

"ಜನ ಜಾಸ್ತಿ ಸೇರ್ತಾರೆ. ಏನಾರಾ ಹೆಚ್ಚೂಕಮ್ಮಿ ಆದ್ರೆ..."

"ಏನ್ಲಾ ಹೆಚ್ಚೂಕಮ್ಮಿ?"

ಮರಿಯಯ್ಯ ಬಾವಿ ಕಟ್ಟೆ ವಿಷಯ ಹೇಳಬಾರದು ಅಂತಲೇ ಬಂದಿದ್ದ. ಬಾಯಿ ತಡೀಲಿಲ್ಲ, ಹೇಳಿಬಿಟ್ಟ. ಹೊನ್ನಯ್ಯ ಸುಮ್ಮನೆ ಕೇಳಿದ. ನಗಲೂ ಇಲ್ಲ. ಟವಲ್ಲಿನಲ್ಲಿ ಮುಖ ಒರೆಸ್ಕೊಂಡ.

"ವೆಲ್ಡಿಂಗ್ ಬೆಳಕು ನೋಡಿ ನೋಡಿ ನಿನ್ ಕಣ್ ಕೆಟ್ಟವೆ ಕಣ್ಲಾ. ಓಗಿ ವಸಿ ಮನಿಕ್ಕ. ವಾಸ್ತು ನೋಡಿಸ್ದೆ, ಲಕ್ಸ್ಮಿ ಒಳೀಕ್ ಬರ್ಬೇಕು, ಬಾಗ್ಲೂ ಒಳೀಕೇ ತೆಗೀಬೇಕು ಅಂದವ್ರೆ. ಆಚೀಕ್ ತೆಗುದ್ರೆ ಮನೆ ಬರ್ಕತ್ತೇ ಆಚೀಕ್ ಓಯ್ತದಂತೆ. ನನ್ ಮಗಳ್ ಮದ್ವೇಲಿ ಬೆಂಕಿ ಗಿಂಕಿ ಅಂತ ಬಾಯ್ ಬುಡ್ಬ್ಯಾಡ."

"ಹಿಂದ್ಗಡೆ ಬಾಗ್ಲ ಮುಂದೆ ಇರೋ ಸಿಲಿಂಡರ್ನಾದ್ರೂ..."

"ಎಲ್ ಮಡುಗ್ಲಿ? ನಿನ್ ತಲೆ ಮ್ಯಾಲಾ?"

ಮರಿಯಯ್ಯ ಮನೆಗೆ ಬಂದು ಮಲಗಿದ. ನನಗ್ಯಾಕೆ ಅಂದ್ಕೊಂಡ. ಹೇಳೋದು ಹೇಳಿ ಆಯ್ತು. ಇಷ್ಟು ವರ್ಷದಲ್ಲಿ ಬಿದ್ದವರಿಗೆಲ್ಲ ಇವನೇ ಹೊಣೆಯಾ?

ಕಣ್ಣು ಮುಚ್ಚಿದರೆ ಕಿವೀಲಿ ಅದೇ.

ತಪ್... ತಪ್... ತಪತಪತಪ...

ಸಂಜೆ ಮಗಳು ತೇಜು ಬಟ್ಟೆ ಜೋಡಿಸ್ಕೊಂಡು ಹೊರಟು ನಿಂತಳು. ನಯನಳೂ ಅವಳೂ ಒಂದೇ ಕಾಲೇಜಿನಲ್ಲಿ ಓದಿದವರು. ಮದುವೆ ಮುಗಿಯೋವರೆಗೂ ನಯನಳ ಜೊತೆಗೇ ಇರ್ತೀನಿ ಅಂತ ಹೊರಟಳು. ಮರಿಯಯ್ಯ ಮಗಳನ್ನ ನೋಡಿದ.  ಎದ್ದು, ಗ್ರೈಂಡರು ಚೀಲಕ್ಕೆ ಹಾಕ್ಕೊಂಡ.

ರಾತ್ರಿ ಛತ್ರದಲ್ಲಿ ಯಾರೂ ಇರಲಿಲ್ಲ. ಹೂವಿನವರು ಹೂ ತರೋಕೆ ಮೈಸೂರಿಗೆ ಹೋಗಿದ್ದರು, ಚಪ್ಪರದವರು ಹೊನ್ನಯ್ಯನ ಮನೇಲಿ ಊಟ ಮಾಡಿ ಅಲ್ಲೇ ಉರುಳ್ಕೊಂಡಿದ್ದರು. ಬೀಗದ ಕೈ ಇನ್ನೂ ಮರಿಯಯ್ಯನ ಹತ್ತಿರವೇ ಇತ್ತು, ವೆಲ್ಡಿಂಗ್ ಮಿಷನ್ನೂ ಛತ್ರದಲ್ಲೇ ಉಳಿದಿತ್ತು. ಒಳಗೆ ಸ್ಟೇಜು ಸಿದ್ಧವಾಗಿತ್ತು. ಥರ್ಮಾಕೋಲಿನ ಆನೆ, ಪ್ಲಾಸ್ಟಿಕ್ಕು ಹೂವು, ತೆಳ್ಳನೆ ಬಟ್ಟೆ, ಅದರ ಮೇಲೆಲ್ಲ ಸೀರಿಯಲ್ ಲೈಟಿನ ಬಳ್ಳಿ.

ಕೆಲಸ ಶುರು ಮಾಡಿದ. ಕದ ಅಲ್ಲಾಡದಂಗೆ ಕೆಳಗೆ ಮರದ ತುಂಡು ಕೊಟ್ಟ. ಗ್ರೈಂಡರಲ್ಲಿ ಹಿಂಜಸ್ಸು ಕೊಯ್ದ. ಕದ ಹೊರಕ್ಕೆ ಹೋಗದಂಗೆ ಚೌಕಟ್ಟಿಗೆ ಹೊಡೆದಿದ್ದ ತಡೆ ಪಟ್ಟಿ ಕೊಯ್ದ. ಒಂದು ಕದವನ್ನ ಹಾರೆ ಹಾಕಿ ಮೀಟಿ, ಇಂಚಿಂಚೇ ಹೊರಕ್ಕೆ ಸರಿಸಿದ. ಈಗ ಕದವನ್ನ ಒಂದು ಬೆರಳಿನಷ್ಟು ಮೇಲಕ್ಕೆತ್ತಿ ಹಿಡಿದು ಬೆಸೀಬೇಕು. ನಾಲ್ಕಾಳಿನ ಕೆಲಸ. ಇವನೊಬ್ಬ.

ಹಾರೆ ಜಾರ್ತು.

ಕದ ವಾಲಿತು. ಇವನ ಮೇಲೇ. ಹಿಂದೆ ಸರಿಯೋಕೆ ಜಾಗ ಇಲ್ಲ, ಗೋಡೆ. ಕೈ ಅಡ್ಡ ಕೊಟ್ಟ. ಆಯ್ತು, ಮುಗೀತು ಅಂದ್ಕೊಂಡ.

ನಿಂತುಹೋಯ್ತು.

ಅರ್ಧಕ್ಕೇ ನಿಂತುಹೋಯ್ತು. ಆಮೇಲೆ ಮೆಲ್ಲಗೆ... ತೊಟ್ಟಿಲು ಎತ್ತಿದಂಗೆ... ಕದ ನೆಟ್ಟಗಾಯ್ತು. ಬೇಕಾದ ಎತ್ತರಕ್ಕೆ ಎದ್ದಿತು. ಅಲ್ಲೇ ನಿಂತಿತು.

ಆಚೆ ಕಡೆಯಿಂದ ಪಿಸುಮಾತು. "ಇಡ್ಕಂಡಿವ್ನಿ... ಬೆಸಿ."

ಮರಿಯಯ್ಯ ರಾಡು ಎತ್ಕೊಂಡ. ಕಪ್ಪು ಗಾಜು ಮುಖಕ್ಕೆ ಹಿಡಿದ. ರಾಡು ತಾಗಿಸಿದ. ಚರ್ರ್... ಅಂತ ಹತ್ತಿತು. ಕಪ್ಪು ಗಾಜಿನ ಹಿಂದೆ ಬೆಂಕಿ ಚುಕ್ಕಿ ಬಿಟ್ಟು ಬೇರೇನೂ ಕಾಣಲ್ಲ. ಅದೇ ಒಳ್ಳೇದಾಯ್ತು ಅಂದ್ಕೊಂಡ. ಆದರೆ ರಾಡು ಮುಗೀತು. ಹೊಸದು ಸಿಕ್ಕಿಸ್ಕೊಳ್ಳೋಕೆ ಗಾಜು ಇಳಿಸಿದ. ಬೆಸೆದ ಜಾಗ ಇನ್ನೂ ಕೆಂಪಗಿತ್ತು, ಆ ಕೆಂಪಲ್ಲಿ ಕಾಣಿಸ್ತು.

ಕದದ ಅಂಚಿನುದ್ದಕ್ಕೂ ಬೆರಳುಗಳು.

ಮೇಲೆ, ಕೆಳಗೆ, ಒತ್ತೊತ್ತಾಗಿ. ದಪ್ಪನೆ ಬೆರಳು, ತೀರಾ ಎಳೇ ಬೆರಳು. ಒಂದು ಕೈಯಲ್ಲಿ ಗಾಜಿನ ಬಳೆ. ಭಾರಕ್ಕೆ ಅದು ನಡುಗ್ತಿತ್ತು... ಕಿಣಿ... ಕಿಣಿ...

ಗಾಜು ಮುಖಕ್ಕೆ ಹಿಡಿದ. ಬೆಸೆದ. ಎರಡನೇ ಕದಾನೂ ಬೆಸೆದ. ಹೆದರಿಕೆ ಆಗಲಿಲ್ವಾ ಅಂತ ನಾನು ಕೇಳಿದೆ. "ಅವರ್ಗೂ ಸುಸ್ತಾಗಿತ್ತು ಕಣಪ್ಪಾ" ಅಂದ. "ನನ್ಗಿಂತ ಜಾಸ್ತಿ. ಬೇಗ ಬೇಗ ಮುಗ್ಸಣ ಅನ್ನುಸ್ತು."

ಬೆಳಕು ಹರಿಯೋವಾಗ ಮುಗೀತು. ಒಬ್ಬನೇ ಮೆಟ್ಟಿಲ ಮೇಲೆ ಕೂತಿದ್ದ. ಹೊನ್ನಯ್ಯ ಬಂದ. ಬಾಗಿಲು ನೋಡಿದ. ಅವನ ಬಾಯಿಂದ ಬಂದ ಮಾತೆಲ್ಲ ಇಲ್ಲಿ ಬೇಡ. ಕೊರಳಪಟ್ಟಿ ಹಿಡಿಯೋಕೂ ಹೋದ. ನಯನ ಕೈಗೆ ಮೆಹೆಂದಿ ಹಾಕ್ಕೊಂಡವಳು ಹಿಂದಿಂದ ಬಂದು, "ಬುಡಪ್ಪ, ಈಗ ಹೂವಾ ಕಟ್ಬೇಕು, ವೊತ್ತೆಲ್ಲೈತೆ" ಅಂದಳು. ಹೊನ್ನಯ್ಯ ಕೈ ಬಿಟ್ಟ.

"ಮದ್ವೆ ಮುಗೀಲಿ ಕಣ್ಲಾ. ನೀನೇ ಬಂದು ಹೆಂಗಿತ್ತೋ ಹಂಗ್ ಮಾಡ್ಬೇಕು."

"ಆಯ್ತಣ್ಣ" ಅಂದ ಮರಿಯಯ್ಯ. ಮನೆಗೆ ಹೋಗಿ ಹೆಣದಂಗೆ ಮಲಗಿದ.

ಸಂಜೆ ಆರತಕ್ಷತೆ. ಊರಿಗೆ ಊರೇ ಸೇರಿತ್ತು, ಮದ್ದೂರಿಂದ, ಮಳವಳ್ಳಿಯಿಂದ ಬಸ್ಸು ಮಾಡ್ಕೊಂಡು ಬಂದಿದ್ದರು. ಮರಿಯಯ್ಯ ಒಳಗೆ ಹೋಗಲಿಲ್ಲ. ಗೇಟಿನ ಹತ್ತಿರ ಅವ್ವನ ಪಕ್ಕ ಕುರ್ಚಿ ಹಾಕ್ಕೊಂಡು ಕೂತ. ತೇಜು ಒಳಗೆ ನಯನಳ ಹಿಂದೆ ನಿಂತಿದ್ದಳು. ಉಡುಗೊರೆ ಕೊಡೋರ ಸಾಲು ಸ್ಟೇಜಿನಿಂದ ಬಾಗಿಲವರೆಗೂ ಬೆಳೆದಿತ್ತು. ಎಸಿ ಗಾಳಿ ಹೋಗುತ್ತೆ ಅಂತ ಯಾರೋ ಬಾಗಿಲು ಎಳೆದು ಮುಚ್ಚಿದರು.

ಪಟ್.

ಸಣ್ಣ ಸದ್ದು. ಬಲ್ಬು ಒಡೆದಂಗೆ. ಕಿಟಕಿಯಿಂದ ಕಾಣ್ತಿದ್ದ ಸೀರಿಯಲ್ ಲೈಟು ಒಂದು ಕಡೆಯಿಂದ ಆರ್ತಾ ಬಂತು. ಆಮೇಲೆ ಬೇರೆ ಬೆಳಕು. ಹಳದಿ. ಅಲ್ಲಾಡೋ ಬೆಳಕು. ಒಂದು ಹೆಂಗಸು ಕಿರುಚಿದಳು, ಆಮೇಲೆ ಎಲ್ಲರೂ.

ಆಮೇಲೆ ಬಾಗಿಲ ಮೇಲೆ ಅಂಗೈ.

ತಪ್... ತಪ್... ತಪತಪತಪ...

ದೇವಿರಮ್ಮ ಮಗನ ಕೈ ಹಿಡಿದಳು. ಉಗುರು ಚರ್ಮಕ್ಕೆ ಇಳೀತು. ಕಣ್ಣು ಮುಚ್ಚಿಬಿಟ್ಟಳು. "ಅಯ್ಯೋ ಕೂಸೇ... ತೆಗೀಲಪ್ಪಾ... ತೆಗೀಲಪ್ಪಾ..."

ಧಡಾರ್!

ಎರಡೂ ಕದ ಹೊರಕ್ಕೆ ಬಿಚ್ಕೊಂಡು ಗೋಡೆಗೆ ಬಡಿದವು. ನಾಲೆ ತೂಬು ಎತ್ತಿದಂಗೆ ಜನ ಈಚೆ ಬಂದರು. ಒಬ್ಬರ ಮೇಲೊಬ್ಬರು ಬಿದ್ದರು, ಎದ್ದರು, ಮಕ್ಕಳನ್ನ ತಲೆ ಮೇಲೆ ಹೊತ್ತು ಬಂದರು. ತೇಜು ಬಂದಳು, ನಯನಳ ಕೈ ಹಿಡಿದು ಎಳ್ಕೊಂಡು. ಕೊನೆಗೆ ಹೊನ್ನಯ್ಯ ಬಂದ, ಮುಖವೆಲ್ಲ ಮಸಿ. ಅವನ ಹಿಂದೆ ಬರೀ ಹೊಗೆ.

ಮದ್ದೂರಿಂದ ಬೆಂಕಿ ಆರಿಸೋ ಗಾಡಿ ಬರೋವಷ್ಟರಲ್ಲಿ ಸ್ಟೇಜು ಬೂದಿ, ಕುರ್ಚಿಗಳು ಕರಗಿದ ಮುದ್ದೆ. ಒಬ್ಬರ ಕೈ ಮುರಿದಿತ್ತು. ಇಬ್ಬರು ಮುದುಕರಿಗೆ ಹೊಗೆ ಕುಡಿದು ಕೆಮ್ಮು. ಅಷ್ಟೇ. ಸತ್ತವರು ಯಾರೂ ಇಲ್ಲ.

ಬೆಳಗಿನ ಮುಹೂರ್ತಕ್ಕೆ ಹೊನ್ನಯ್ಯನ ಮನೆ ಅಂಗಳದಲ್ಲೇ ಧಾರೆ ಆಯ್ತು. ಊಟದ ಪಂಕ್ತೀಲಿ ಏನೇನೋ ಮಾತು. ಲೈಟಿನವನ ವೈರು ಸರಿ ಇರಲಿಲ್ಲ ಅಂತ ಒಬ್ಬರು. ಅತ್ತೆಯ ರೇಷ್ಮೆ ಸೀರೆ ಹೋಯ್ತಲ್ಲ ಅಂತ ಇನ್ನೊಬ್ಬರು. ಅಷ್ಟು ಹೋಳಿಗೆ ಮಣ್ಣುಪಾಲಾಯ್ತು ಅಂತ ಮತ್ತೊಬ್ಬರು. ಬಾಗಿಲ ಮಾತು ಯಾರೂ ಎತ್ತಲಿಲ್ಲ. ಆದ ಕೇಡಿಗೆ ಜನ ಅಳ್ತಾರೆ. ಆಗದೇ ಹೋದ ಕೇಡಿಗೆ ಯಾರು ಏನಂತಾರೆ ಹೇಳಿ?

ಎತ್ತಿದವನು ಹೊನ್ನಯ್ಯ ಒಬ್ಬನೇ. ಮಧ್ಯಾಹ್ನ ಫೋನು ಮಾಡಿದ. "ನೋಡ್ದಾ? ಬಾಗ್ಲು ಆಚೀಕ್ ಮಾಡ್ದೆ, ಮೊದಲ್ನೇ ದಿನ್ವೇ ಹಿಂಗಾಯ್ತು. ವಾಸ್ತು ಸುಮ್ನೆ ಯೋಳ್ತಾರಾ? ಸಂಜೀಕ್ ಬಂದು ತಿರುಗ್ಸ್ಕೊಟ್ ಓಗು."

ಮರಿಯಯ್ಯನಿಗೆ ನಗು ಬಂತಂತೆ. ನಕ್ಕರೆ ಎದೆ ನೋಯ್ತಿತ್ತು, ಸುಮ್ಮನಾದ. ಜಗಳ ಆಡೋ ಶಕ್ತಿ ಇರಲಿಲ್ಲ. ಸಂಜೆ ಚೀಲ ಹೆಗಲಿಗೇರಿಸಿ ಹೋದ.

ಛತ್ರದ ಮುಂದೆ ಗುಡಿಸೋ ಪಟ್ಟಲಮ್ಮ ನಿಂತಿದ್ದಳು, ಕೈಯಲ್ಲಿ ಕೊಡ. ಹೊನ್ನಯ್ಯನೂ ನಿಂತಿದ್ದ. ಇಬ್ಬರೂ ಮೆಟ್ಟಿಲು ನೋಡ್ತಿದ್ದರು.

ನೂಕುನುಗ್ಗಲಲ್ಲಿ ಜನ ಚಪ್ಪಲಿ ಬಿಟ್ಟು ಓಡಿದ್ದರಲ್ಲ, ಅದನ್ನೆಲ್ಲ ಪಟ್ಟಲಮ್ಮ ಬೆಳಿಗ್ಗೆಯೇ ಗೇಟಿನ ಹತ್ತಿರ ರಾಶಿ ಹಾಕಿದ್ದಳು. ದಿನವಿಡೀ ಜನ ಬಂದು ಅವರವರದ್ದು ಹುಡುಕ್ಕೊಂಡು ಹೋಗಿದ್ದರು. ರಾಶಿ ಖಾಲಿಯಾಗಿತ್ತು.

"ಮೆಟ್ಲು ಗುಡ್ಸಿ ನೀರ್ ತರಾಕ್ ಓದೆ ಕಣಣ್ಣಾ" ಅಂದಳು ಪಟ್ಟಲಮ್ಮ. ಕೊಡ ಕೆಳಗಿಟ್ಟಳು. "ಬರಾ ಒತ್ಗೆ ಇವು ಇಲ್ಲಿದ್ವು."

ಮೆಟ್ಟಿಲ ಮೇಲೆಲ್ಲ ಚಪ್ಪಲಿ. ಮೇಲಿನ ಮೆಟ್ಟಿಲಿಂದ ಕೆಳಗಿನವರೆಗೂ ಒತ್ತೊತ್ತಾಗಿ, ಜೊತೆ ಜೊತೆಯಾಗಿ ಬಿಟ್ಟಿದ್ದವು. ಎಲ್ಲಾ ಹಳೇ ಕಾಲದ್ದು. ಟೈರಿನ ಅಟ್ಟೆ, ದಪ್ಪ ಚರ್ಮದ ಪಟ್ಟಿ, ಮೊಳೆ ಹೊಡೆದವು. ಈಗ ಅಂಥವು ಯಾರು ಹಾಕ್ತಾರೆ? ಹೆಂಗಸರವು ಇದ್ದವು, ಮಕ್ಕಳವೂ ಇದ್ದವು. ಎಲ್ಲದರ ಮೂತಿಯೂ ರಸ್ತೆ ಕಡೆಗೆ.

ಹೊನ್ನಯ್ಯ ಬಹಳ ಹೊತ್ತು ನೋಡಿದ. ಆಮೇಲೆ ಮರಿಯಯ್ಯನ ಹೆಗಲಿಂದ ಗ್ರೈಂಡರಿನ ಚೀಲ ಇಳಿಸ್ಕೊಂಡ. ಅದನ್ನ ಅವನ ಕೈಗೇ ಕೊಟ್ಟ.

"ಓಗು ಮರಿಯಯ್ಯ" ಅಂದ. "ಮನೀಗ್ ಓಗಿ ಮನಿಕ್ಕ."

ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ.

ಮರಿಯಯ್ಯ ಹೋಗೋ ಮುಂಚೆ ಬಗ್ಗಿ ಒಂದನ್ನ ಎತ್ಕೊಂಡ. ತೀರಾ ಚಿಕ್ಕದು, ಅಂಗೈಯಷ್ಟೂ ಇಲ್ಲ. ಬಿಸಿಲು ಇಳಿದು ಎಷ್ಟೋ ಹೊತ್ತಾಗಿತ್ತು, ಮೆಟ್ಟಿಲ ಕಲ್ಲು ತಣ್ಣಗಿತ್ತು. ಚಪ್ಪಲಿಯ ಒಳಗೆ ಮಾತ್ರ ಬೆಚ್ಚಗಿತ್ತು, ಈಗಷ್ಟೇ ಕಾಲು ತೆಗೆದಂಗೆ.

ನಂಬೋದು ಬಿಡೋದು ನಿಮ್ಮಿಷ್ಟ ಅಂತ ನಾನು ಹೇಳಲ್ಲ. ಸುದ್ದಿ ಕೇಳಿ ಮಾರನೇ ದಿನ ನಾನೇ ಮರಿಯಯ್ಯನ ಮನೆಗೆ ಹೋದೆ, ಆ ಚಿಕ್ಕ ಚಪ್ಪಲೀನ ಈ ಕೈಯಲ್ಲೇ ಮುಟ್ಟಿದೆ.

ಆಗಲೂ ಬೆಚ್ಚಗಿತ್ತು.